ಹಗುರದ ಕೈ

ಆ ಊರಿನ ದಾರಿ ಕೇಳಿದರೆ ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸುತ್ತಾರೆ, ಆಮೇಲೆ ತಮ್ಮ ತಮ್ಮಲ್ಲೇ ಜಗಳಕ್ಕೆ ಬೀಳುತ್ತಾರೆ. ಆದರೆ ಊರು ಹೇಗಿದೆ ಎಂದು ಕೇಳಿ ನೋಡಿ, ಎಲ್ಲರದೂ ಒಂದೇ ಮಾತು. ಊರಿನ ನಡುವೆ ಕೆರೆ, ಕೆರೆಯ ನಡುವೆ ಬಂಡೆ, ಬಂಡೆಯ ಮೇಲೆ ದೀಪ. ಆ ದೀಪ ಆರಿದ ದಿನ ಕೆರೆ ಎದ್ದು ಊರಿನೊಳಗೆ ನಡೆದು ಬರುತ್ತದೆ ಎಂದು ಅಲ್ಲಿನ ಜನ ನಂಬಿದ್ದಾರೆ. ಅದು ಆರಿದ್ದನ್ನು ಕಂಡವರು ಯಾರೂ ಇಲ್ಲ.

ಆ ಕೆರೆಯ ಮೇಲೆ ಏನೂ ತೇಲುವುದಿಲ್ಲ. ಮರದ ತುಂಡು ಎಸೆದರೆ ಕಲ್ಲಿನ ಹಾಗೆ ಇಳಿಯುತ್ತದೆ. ಹರಿಗೋಲು ಬಿಟ್ಟರೆ ದಡ ಬಿಡುವ ಮುಂಚೆಯೇ ತಳ ಸೇರುತ್ತದೆ. ಈಜು ಬಲ್ಲವನು ಇಳಿದರೆ ಅವನ ಕೈಕಾಲಿಗೆ ಈಜೇ ಮರೆತುಹೋಗುತ್ತದೆ. ಆ ನೀರು ಹೊರುವುದು ಒಬ್ಬರನ್ನು ಮಾತ್ರ. ವರ್ಷಕ್ಕೊಮ್ಮೆ ನಡುಹಗಲಿನಲ್ಲಿ ಗಾಳಿ ನಿಂತು ನೀರು ಕನ್ನಡಿಯಾಗುವ ದಿನ, ದಡದ ಮೆಟ್ಟಿಲ ಮೇಲೆ ಇಸ್ಪೀಟಿನ ಆಟ ನಡೆಯುತ್ತದಲ್ಲ, ಆ ಆಟದಲ್ಲಿ ಎಲ್ಲರಿಗಿಂತ ಹಗುರದ ಕೈ ಹಿಡಿದವರನ್ನು ಅದು ಹೊರುತ್ತದೆ. ನಾವು ಅಂಗಳದಲ್ಲಿ ಓಡಾಡುವಂತೆ ಅವರು ನೀರಿನ ಮೇಲೆ ನಡೆದು ಹೋಗುತ್ತಾರೆ. ಕೇಳಿ ನಗುವವರು ನಗಲಿ, ನನ್ನದೇನೂ ಅಭ್ಯಂತರವಿಲ್ಲ. ಕಣ್ಣಾರೆ ಕಂಡವರು ಮಾತ್ರ ನಗಲಿಲ್ಲ.

ನಡೆದು ಹೋದವರು ಬಂಡೆಯ ದೀಪ ಕಾಯಬೇಕು. ಅಲ್ಲಿ ಮೊದಲಿದ್ದವರು ದೀಪ ಒಪ್ಪಿಸಿ ಊರಿಗೆ ಮರಳಬೇಕು. ಯಾಕೆಂದರೆ ಆ ಬಂಡೆ ಇಬ್ಬರನ್ನು ಹೊರುವುದಿಲ್ಲ. ಇನ್ನೊಬ್ಬರು ಬರುವ ತನಕ ಕಾಯುವವರಿಗೆ ಬಿಡುಗಡೆಯೂ ಇಲ್ಲ.

ಗೆದ್ದವರೆಲ್ಲ ಬಂಡೆ ಮುಟ್ಟುತ್ತಾರೆ ಅಂದುಕೊಳ್ಳಬೇಡಿ. ಕೈಯಲ್ಲಿರುವ ಅತಿ ದೊಡ್ಡ ಎಲೆ ಎಷ್ಟು ದೊಡ್ಡದೋ ನೀರಿನ ತಾಳ್ಮೆ ಅಷ್ಟು ಕಮ್ಮಿ. ಹತ್ತರ ಕೈ ಹಿಡಿದು ಹೊರಟವನ ಪಾದ ದಡದ ಹತ್ತಿರವೇ ಒದ್ದೆಯಾಗುತ್ತದೆ. ಒಂಬತ್ತರವನು ಇನ್ನಷ್ಟು ದೂರ ಹೋಗಿ ಮೊಣಕಾಲಿನ ತನಕ ಇಳಿಯುತ್ತಾನೆ. ಎಂಟರವನು ಬಂಡೆಯ ಹತ್ತಿರ ಹತ್ತಿರ ಹೋಗಿ, ಇನ್ನೇನು ಮುಟ್ಟಿದ ಎನ್ನುವಾಗ ಸೊಂಟದವರೆಗೆ ಮುಳುಗಿ ಅಯ್ಯೋ ಎನ್ನುತ್ತಾನೆ. ಆಗ ಅವನ ನಡುವಿಗೆ ಕಟ್ಟಿದ ಹಗ್ಗ ಹಿಡಿದು ಊರೆಲ್ಲ ಸೇರಿ ದಡಕ್ಕೆ ಎಳೆದುಕೊಳ್ಳುತ್ತಾರೆ. ಬಂಡೆ ಮುಟ್ಟುವುದು ಏಳರ ಕೈ ಒಂದೇ.

ಇಂಥ ಕೆರೆಯ ಪಕ್ಕದಲ್ಲಿ ಬಾಳುವ ಜನರ ನಡೆನುಡಿಯೂ ಹಾಗೇ ಆಗಿತ್ತು. ಆಟದಲ್ಲಿ ಜೋಡಿ ಭಾರ, ಆದ್ದರಿಂದ ಊರಿನಲ್ಲೂ ಜೋಡಿ ಭಾರ. ಹೆಂಗಸರು ಒಂದೇ ಕಿವಿಗೆ ಓಲೆ ಇಟ್ಟುಕೊಳ್ಳುತ್ತಿದ್ದರು. ಗಂಡ ಹೆಂಡತಿ ಬೀದಿಗೆ ಇಳಿದರೆ ನಡುವೆ ಒಂದು ಮೇಕೆಯನ್ನಾದರೂ ಹಿಡಿದುಕೊಂಡು ಹೋಗುತ್ತಿದ್ದರು. ಆಟದಲ್ಲಿ ಸಾಲು ಭಾರ, ಆದ್ದರಿಂದ ಊರಿನ ಯಾವ ಮೆಟ್ಟಿಲೂ ಇನ್ನೊಂದರ ಎತ್ತರಕ್ಕಿರಲಿಲ್ಲ, ಹೊಸಬರು ಎಡವಿ ಹಲ್ಲು ಮುರಿದುಕೊಳ್ಳುತ್ತಿದ್ದರು. ಆಟದಲ್ಲಿ ಒಂದೇ ಬಳಗದ ಎಲೆಗಳು, ಎಂದರೆ ಎಲ್ಲವೂ ಆಟೀನೋ ಎಲ್ಲವೂ ಕಳಾವರೋ ಆದರೆ, ಭಾರ, ಆದ್ದರಿಂದ ಒಂದು ಮನೆಯವರು ಒಂದೇ ಬಣ್ಣದ ಬಟ್ಟೆ ಉಡುತ್ತಿರಲಿಲ್ಲ. ಮೇಕೆಗಳಿಗೆ ಮಾತ್ರ ಇದೆಲ್ಲದರಿಂದ ಬಹಳ ಮರ್ಯಾದೆ ಸಿಕ್ಕಿತ್ತು.

ಆ ಊರಿನಲ್ಲಿ ಚಾಪೆ ಹೆಣೆಯುವವಳೊಬ್ಬಳಿದ್ದಳು. ಅವಳಿಗೆ ಒಬ್ಬಳೇ ಮಗಳು. ಒಂದು ವರ್ಷ ಆಟದ ದಿನ ಆಡುವವರು ಕೂರುವುದಕ್ಕೆಂದು ಹೊಸ ಚಾಪೆಗಳನ್ನು ಹೊತ್ತು ಮಗಳು ದಡಕ್ಕೆ ಹೋದಳು. ಅಲ್ಲಿ ಒಬ್ಬರ ಜಾಗ ಖಾಲಿ ಇತ್ತು. ಕೂರೇ ಹುಡುಗಿ, ಜಾಗ ತುಂಬಲಿ ಎಂದರು, ಕೂತಳು. ಎಲೆ ಬಿಡು ಎಂದರೆ ಬಿಟ್ಟಳು, ತಗೋ ಎಂದರೆ ತಗೊಂಡಳು. ಕೊನೆಗೆ ಎಲೆ ತಿರುವಿ ಹಾಕಿದಾಗ ಊರೇ ಎದ್ದು ನಿಂತಿತು. ಏಳರ ಕೈ. ಮಗಳು ನಗುತ್ತಲೇ ನೀರಿನ ಮೇಲೆ ಕಾಲಿಟ್ಟು, ಏನೋ ಆಟದ ಸಾಮಾನು ಎಂಬಂತೆ ಕೆರೆಯನ್ನು ನೋಡುತ್ತ ನಡೆದು ಹೋದಳು. ತಾಯಿ ಸುದ್ದಿ ಕೇಳಿ ಓಡಿ ಬರುವಷ್ಟರಲ್ಲಿ ಅವಳು ಒಂದು ಚುಕ್ಕೆಯಾಗಿದ್ದಳು.

ಆಮೇಲೆ ಏಳರ ಕೈ ಯಾರಿಗೂ ಬರಲಿಲ್ಲ. ವರ್ಷ ವರ್ಷವೂ ಯಾರೋ ಗೆದ್ದರು, ಯಾರೋ ಮುಳುಗಿದರು, ಊರು ಹಗ್ಗ ಎಳೆಯಿತು. ಆ ಹಗ್ಗ ಹೊಸೆಯುತ್ತಿದ್ದವನು ಮಗಳನ್ನು ಮದುವೆಯಾಗಬೇಕಿದ್ದ ಹುಡುಗ. ವೀಳ್ಯ ಬದಲಾಯಿಸಿ ಆಗಿತ್ತು, ಅಷ್ಟರಲ್ಲಿ ಹೀಗಾಯಿತು. ಅವನು ಬೇರೆ ಹೆಣ್ಣು ನೋಡಲಿಲ್ಲ. ದಡದಿಂದ ನೋಡಿದರೆ ಬಂಡೆಯ ಮೇಲೆ ದೀಪದ ಕಿಡಿಯೊಂದು ಕಾಣುತ್ತದೆ, ಕಾಯುವವರು ಕಾಣುವುದಿಲ್ಲ. ಅವನು ಹೊಸೆಯುವಾಗ ಕಿಡಿಯ ಕಡೆಗೆ ಮುಖ ಮಾಡಿ ಕೂರುತ್ತಿದ್ದ.

ಕಾದು ಕಾದು ಸಾಕಾಗಿ ಒಂದು ದಿನ ಚಾಪೆಯವಳು ತಾನೇ ಆಡುತ್ತೇನೆ ಎಂದು ತೀರ್ಮಾನಿಸಿದಳು. ತೀರ್ಮಾನಿಸಿದವಳು ಮೊದಲು ಮಾಡಿದ ಕೆಲಸ ಎಂದರೆ ಹಗುರಾಗಲು ಹೊರಟದ್ದು. ಆ ಊರಿನವರೆಲ್ಲ ಹಾಗೇ ಮಾಡುತ್ತಿದ್ದರು. ಮನೆಯಲ್ಲಿದ್ದ ಪಾತ್ರೆ ಕೊಟ್ಟಳು, ಹಾಸಿಗೆ ಕೊಟ್ಟಳು, ಮಗಳ ಬಟ್ಟೆಬರೆಯನ್ನೂ ಕೊಟ್ಟಳು. ಒಪ್ಪೊತ್ತು ಉಂಡಳು, ಆಮೇಲೆ ಅದನ್ನೂ ಅರ್ಧ ಮಾಡಿದಳು. ಮೈಯೆಲ್ಲ ಮೂಳೆಯಾದ ಮೇಲೆ ಎಲೆ ಹಂಚುವ ಮುದುಕಿಯ ಹತ್ತಿರ ಆಟ ಕಲಿಯಲು ಹೋದಳು. ಆ ಮುದುಕಿಯ ವಯಸ್ಸು ಯಾರಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಮುದುಕಿ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಚಾಪೆಯವಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಇದು, ಒಣಗಿದ ಬೆಂಡಿನ ಹಾಗೆ ಆಗಿದ್ದೀಯ?"

"ಹಗುರಾಗ್ತಾ ಇದೀನಿ ಅಜ್ಜಿ. ಮನೇಲಿ ಇದ್ದಬದ್ದದ್ದೆಲ್ಲಾ ಕೊಟ್ಟುಬಿಟ್ಟೆ."

ಮುದುಕಿ ನಗಲು ಹೋಗಿ ಕೆಮ್ಮಿದಳು, ಕೆಮ್ಮಿ ಮತ್ತೆ ನಕ್ಕಳು. "ಅಯ್ಯೋ ನಿನ್ನ! ಈ ಊರಿನೋರಿಗೆಲ್ಲಾ ಇದೇ ಹುಚ್ಚು. ಹೋದ ವರ್ಷ ಗೆದ್ದೋನು ಉಪವಾಸ ಮಾಡಿ ಮಾಡಿ ಕಡ್ಡಿ ಆಗಿದ್ದ. ಏನಾಯ್ತು? ಮೊಣಕಾಲುದ್ದ ಹೋಗಿ ಕೂಗ್ಕೊಂಡ. ಅದರ ಹಿಂದಿನ ವರ್ಷ ಗಾಣದೋಳು ಗೆದ್ದಿದ್ದು, ಎಂಥಾ ದಪ್ಪ ಹೆಂಗಸು! ಬಂಡೆ ತನಕ ಹೋಗಿದ್ದಳು ಪುಣ್ಯಾತ್ಗಿತ್ತಿ, ಎಂಟು ಇಟ್ಕೊಂಡು ಕೆಟ್ಟಳು. ಕೆರೆ ಮೈ ತೂಕ ನೋಡಲ್ಲ ಕಣೇ, ಕೈ ತೂಕ ನೋಡುತ್ತೆ. ಕೂರು ಇಲ್ಲಿ."

ಚಾಪೆಯವಳು ಕೂತಳು. ಮುದುಕಿ ಎಲೆಗಳ ಕಟ್ಟನ್ನು ಎತ್ತಿ ಕೆರೆಗೆ ತೋರಿಸಿದಳು. ಕಲಿಸುವಾಗಲೂ ಅವಳು ಹಾಗೆ ತೋರಿಸದೆ ಹಂಚುತ್ತಿರಲಿಲ್ಲ. ಆಮೇಲೆ ಐದು ಎಲೆ ಕೊಟ್ಟಳು.

"ಅದರಲ್ಲಿ ರಾಜ ಇದಾನಲ್ಲ, ಅವನನ್ನ ಬಿಡು. ಈಗ ಎಷ್ಟಿದೆ?"

"ನಾಲ್ಕು."

"ನಾಲ್ಕಿಟ್ಕೊಂಡು ಆಡಬಹುದಾ?"

"ಆಡಬಹುದೇನೋ. ಕಮ್ಮಿ ಇದ್ದಷ್ಟೂ ಹಗುರ ಅಲ್ವಾ ಅಜ್ಜಿ?"

"ಅಲ್ಲ!" ಎಂದು ಮುದುಕಿ ಚಾಪೆಗೆ ಗುದ್ದಿದಳು. "ಬಿಟ್ಟಷ್ಟೂ ತಗೋಬೇಕು. ಒಂದು ಬಿಟ್ಟರೆ ಒಂದು, ಮೂರು ಬಿಟ್ಟರೆ ಮೂರು. ಆಟ ಮುಗಿಯೋ ತನಕ ಕೈಯಲ್ಲಿ ಐದು ಇರಲೇಬೇಕು. ಖಾಲಿ ಕೈಯೋರಿಗೆ ಈ ಕೆರೇಲಿ ಜಾಗ ಇಲ್ಲ. ನೀನು ಮನೆ ಖಾಲಿ ಮಾಡ್ಕೊಂಡು ಬಂದಿದೀಯಲ್ಲ, ಮೊದಲು ಹೋಗಿ ಹೊಟ್ಟೆ ತುಂಬಾ ಉಂಡು ಬಾ."

ಚಾಪೆಯವಳು ನಿಜವಾಗಿಯೂ ಹೋಗಿ ಉಂಡು ಬಂದಳು. ಅಷ್ಟು ದಿನದ ಮೇಲೆ ಅನ್ನ ರುಚಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಆಮೇಲೆ ದಿನವೂ ಕಲಿತಳು. ಎಕ್ಕ ಕಂಡಾಗ ಒಂದಲ್ಲವೇ, ಎಲ್ಲಕ್ಕಿಂತ ಚಿಕ್ಕದಲ್ಲವೇ ಎಂದು ಇಟ್ಟುಕೊಂಡಳು. "ನೋಡೋಕೆ ಒಂಟಿ, ಆದ್ರೆ ರಾಜನ ತಲೆ ಮೇಲೆ ಕೂರೋದು ಅದೇ. ಎಲ್ಲಕ್ಕಿಂತ ಭಾರ, ಬಿಸಾಕು" ಎಂದಳು ಮುದುಕಿ. ನಾಲ್ಕರ ಎಲೆ ಎರಡು ಬಂದಾಗ ಎರಡೂ ಚಿಕ್ಕವೇ ಎಂದು ಇಟ್ಟುಕೊಂಡಳು. "ಜೋಡಿ ಆದಮೇಲೆ ಚಿಕ್ಕದೇನು ದೊಡ್ಡದೇನು, ಒಂದನ್ನ ಬಿಡು" ಎಂದಳು ಮುದುಕಿ. ಐದೂ ಆಟೀನು ಎಲೆಗಳೇ ಬಂದಾಗ ಎಂಥ ಚೆಂದ ಎಂದು ಖುಷಿಪಟ್ಟಳು. "ಒಂದೇ ಬಳಗ, ಒಂದೇ ಗಂಟು, ಕೆರೆ ಹೊರಲ್ಲ" ಎಂದಳು ಮುದುಕಿ.

ಒಂದು ದಿನ ಮುದುಕಿ ಎರಡು, ಮೂರು, ನಾಲ್ಕು, ಐದು ಎಂದು ಬೇರೆ ಬೇರೆ ಬಳಗದ ಎಲೆಗಳನ್ನು ಚಾಪೆಯ ಮೇಲೆ ಜೋಡಿಸಿದಳು. "ಇದರ ಪಕ್ಕ ಯಾವುದು ಬಂದ್ರೆ ಎಲ್ಲಕ್ಕಿಂತ ಹಗುರ?"

"ಆರು" ಎಂದಳು ಚಾಪೆಯವಳು.

"ಆರು ಬಂದ್ರೆ ಒಂದರ ಹೆಗಲ ಮೇಲೆ ಒಂದು ಕೈ ಇಟ್ಟು ಸಾಲು ನಿಂತುಬಿಡುತ್ತವೆ. ಅಷ್ಟೂ ಸೇರಿ ಒಂದೇ ಭಾರ. ಮುಳುಗ್ತೀಯ."

"ಮತ್ತೆ?"

ಮುದುಕಿ ಐದರ ಪಕ್ಕ ಒಂದು ಎಲೆಯಷ್ಟು ಜಾಗ ಬಿಟ್ಟು ಏಳನ್ನು ಇಟ್ಟಳು. "ನಡುವೆ ಒಂದು ಇಲ್ಲದೇ ಇರಬೇಕು. ಆಗ ಕೆರೆ ಹೊರುತ್ತೆ. ಇದಕ್ಕಿಂತ ಹಗುರದ ಕೈ ಲೋಕದಲ್ಲೇ ಇಲ್ಲ."

ಚಾಪೆಯವಳು ಆ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಮುದುಕಿ ಎಲೆಗಳನ್ನು ಎತ್ತಿಕೊಂಡ ಮೇಲೂ ಅವಳ ಕಣ್ಣು ಅಲ್ಲೇ ಇತ್ತು.

ಆಟದ ಹಿಂದಿನ ದಿನ ಹಗ್ಗದವನು ಅವಳ ಮನೆಗೆ ಬಂದು ಹೊಸ್ತಿಲಾಚೆಯೇ ನಿಂತ.

"ಅತ್ತೆ, ನಾಳೆ ನಾನೂ ಆಡ್ತೀನಿ."

"ನೀನಾ?"

"ಇನ್ನೊಬ್ಬರ ಸೊಂಟಕ್ಕೆ ಹಗ್ಗ ಕಟ್ಟಿ ಕಟ್ಟಿ ಸಾಕಾಯ್ತು. ನೀವೂ ಆಡ್ತೀರಂತೆ, ಅಜ್ಜಿ ಹೇಳಿದ್ರು."

ಚಾಪೆಯವಳು ಒಳಗೆ ಕರೆದು ಕೂರಿಸಿದಳು. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ ಲೆಕ್ಕ, ಕಡೆಗೆ ಅವಳೇ ಬಾಯಿ ಬಿಟ್ಟಳು.

"ನೀನು ಏಳು ಹಿಡಿದ್ರೆ ಅವಳು ಬರ್ತಾಳೆ, ನೀನು ಇರೋದಿಲ್ಲ. ಅವಳು ನನ್ನ ಜೊತೆ ಇರ್ತಾಳೆ."

"ನೀವು ಹಿಡಿದ್ರೆ ನೀವು ಇರಲ್ಲ ಅತ್ತೆ. ನನ್ನ ಜೊತೆ ಇರ್ತಾಳೆ."

"ಸೋತೋರಿಗೆ ಸಿಗ್ತಾಳೆ ಅನ್ನು."

"ಹೂಂ. ಆದ್ರೆ ಇಬ್ಬರೂ ಸೋತ್ರೆ ಯಾರಿಗೂ ಇಲ್ಲ."

ಇದನ್ನು ಹೇಳಿ ಹಗ್ಗದವನು ನಗಲು ನೋಡಿದ, ಆಗಲಿಲ್ಲ. ಅವಳು ಅವನಿಗೆ ಊಟಕ್ಕೆ ಬಡಿಸಿದಳು. ಆ ಹೊತ್ತಿನಲ್ಲಿ ಇಬ್ಬರಿಗೂ ಒಳಗೊಳಗೇ ಒಂದೇ ಆಸೆ ಇತ್ತು ಎಂದು ಹೇಳಿದರೆ ತಪ್ಪಾಗದು. ಏಳರ ಕೈ ಬರಲಿ, ಆದರೆ ಎದುರಿನವರಿಗೆ ಬರಲಿ ಎಂಬ ಆಸೆ. ಮನುಷ್ಯರೇ ಅಲ್ಲವೇ ಅವರೂ.

ಮರುದಿನ ನಡುಹಗಲು ಗಾಳಿ ನಿಂತಿತು. ಮರದ ಎಲೆ ಅಲುಗಲಿಲ್ಲ, ಹೊಗೆ ನೆಟ್ಟಗೆ ಏರಿತು, ನೀರಿನೊಳಗೆ ಇನ್ನೊಂದು ಆಕಾಶ ಬಿಚ್ಚಿಕೊಂಡಿತು. ಊರೆಲ್ಲ ದಡದಲ್ಲಿ ಸೇರಿತ್ತು. ಮುದುಕಿ ಎಲೆಗಳ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕೆರೆಗೆ ತೋರಿಸಿದಳು. ಕೆರೆ ನೋಡಿತು. ಎಲ್ಲರೂ ತಲೆ ಬಾಗಿಸಿದರು.

ಆ ಆಟದಲ್ಲಿ ಪಣಕ್ಕೆ ದುಡ್ಡಿಲ್ಲ, ಮೆಟ್ಟಿಲೇ ಪಣ. ಆಡುವವರು ಮೇಲಿನ ಮೆಟ್ಟಿಲಲ್ಲಿ ಕೂರುತ್ತಾರೆ. ತಮ್ಮ ಕೈಯ ಮೇಲೆ ನಂಬಿಕೆ ಇದ್ದವರು "ಇಳಿದೆ" ಎಂದು ನೀರಿನ ಕಡೆಗೆ ಒಂದು ಮೆಟ್ಟಿಲು ಇಳಿಯುತ್ತಾರೆ. ಉಳಿದವರು ಜೊತೆಗೆ ಇಳಿಯಬೇಕು, ಇಲ್ಲವೇ ಎಲೆ ಒಪ್ಪಿಸಿ "ಏರಿದೆ" ಎಂದು ಮನೆಗೆ ಹೋಗಬೇಕು. ಮೂರು ಸಲ ಎಲೆ ಬದಲಾಯಿಸಬಹುದು, ಪ್ರತಿ ಸಲವೂ ಎಷ್ಟು ಬಿಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಬಿಟ್ಟ ಎಲೆ ಯಾವುದು ಎಂದು ಆಟ ಮುಗಿಯುವ ತನಕ ಯಾರಿಗೂ ತೋರಿಸುವಂತಿಲ್ಲ. ಎಲ್ಲ ಮುಗಿದ ಮೇಲೆ ಗೆದ್ದವರು ಕೊನೆಗೆ ಬಿಟ್ಟ ಎಲೆಯನ್ನು ಮುದುಕಿ ತಿರುವಿ ಹಾಕುತ್ತಾಳೆ. ಹಿಡಿದದ್ದನ್ನು ಕೆರೆ ನೋಡುತ್ತದೆ, ಬಿಟ್ಟದ್ದನ್ನು ಊರು ನೋಡಬೇಕು ಎಂಬುದು ಅಲ್ಲಿನ ಪದ್ಧತಿ.

ಎಲೆ ಬಿತ್ತು. ಚಾಪೆಯವಳ ಕೈಗೆ ಎರಡು, ನಾಲ್ಕು, ಒಂದು ಎಕ್ಕ, ಜೊತೆಗೆ ರಾಣಿಯರ ಜೋಡಿ. ಹೂ ಮಾರುವವನು ತನ್ನ ಕೈ ನೋಡಿ ಮುಖ ಹುಳ್ಳಗೆ ಮಾಡಿ "ಏರಿದೆ" ಎಂದು ಎದ್ದುಬಿಟ್ಟ. ಹಗ್ಗದವನು "ಇಳಿದೆ" ಎಂದ. ಚಾಪೆಯವಳೂ ಇಳಿದಳು.

"ಮೂರು" ಎಂದು ರಾಣಿಯರನ್ನೂ ಎಕ್ಕವನ್ನೂ ಬಿಟ್ಟಳು. ಬಂದದ್ದು ಐದರ ಎಲೆ, ಇನ್ನೊಂದು ಎರಡು, ಒಬ್ಬ ಗುಲಾಮ. ಹಗ್ಗದವನು ಎರಡು ಬಿಟ್ಟ. ಮತ್ತೆ ಒಬ್ಬೊಬ್ಬರಾಗಿ ಏರಿದರು. ಮುದುಕಿ ಮೊಣಕಾಲು ಹಿಡಿದುಕೊಂಡು, "ನನ್ನನ್ನೂ ಇಳಿಸೋದು ಬೇರೆ ಈ ವಯಸ್ಸಲ್ಲಿ" ಎಂದು ಗೊಣಗುತ್ತ ಅವರ ಜೊತೆ ಕೆಳಗಿಳಿದಳು.

"ಎರಡು" ಎಂದು ಜೋಡಿಯಾಗಿದ್ದ ಎರಡರಲ್ಲಿ ಒಂದನ್ನೂ ಗುಲಾಮನನ್ನೂ ಚಾಪೆಯವಳು ಬಿಟ್ಟಳು. ಬಂದದ್ದು ಮೂರು, ಮತ್ತೆ ಎಂಟು. ಹಗ್ಗದವನು ಒಂದು ಬಿಟ್ಟು ಒಂದು ತೆಗೆದುಕೊಂಡ, ನೋಡಿದ, ಅವನ ಉಸಿರು ನಿಂತದ್ದು ಪಕ್ಕದಲ್ಲಿದ್ದ ಅವಳಿಗೆ ಕೇಳಿಸಿತು. "ಇಳಿದೆ" ಎಂದ. ಈಗ ಮೆಟ್ಟಿಲಲ್ಲಿ ಉಳಿದವರು ಅವರಿಬ್ಬರೇ. ನೀರಿಗೆ ಇನ್ನೊಂದೇ ಮೆಟ್ಟಿಲು ಉಳಿದಿತ್ತು.

ಕೊನೆಯ ಬದಲಾವಣೆ. ಮೊದಲ ಮಾತು ಹಗ್ಗದವನದು.

"ಎಷ್ಟು ಬಿಡ್ತೀಯೋ?" ಎಂದಳು ಮುದುಕಿ.

"ಏನೂ ಇಲ್ಲ. ನಿಂತೆ."

ದಡದಲ್ಲಿ ಗುಸುಗುಸು ಹರಿದಾಡಿ ಅಡಗಿತು. ನಿಂತೆ ಎಂದರೆ ಕೈ ತುಂಬಿದೆ, ಇನ್ನು ಬೇಡ ಎಂದು. ಒಳ್ಳೆಯ ಕೈ ಹಿಡಿದವನೂ ಹಾಗೆನ್ನುತ್ತಾನೆ, ಎದುರಿನವರನ್ನು ಹೆದರಿಸುವವನೂ ಹಾಗೆನ್ನುತ್ತಾನೆ.

"ನೀನೇನವ್ವಾ?" ಎಂದಳು ಮುದುಕಿ.

ಚಾಪೆಯವಳು ಕೈ ನೋಡಿಕೊಂಡಳು. ಎರಡು, ಮೂರು, ನಾಲ್ಕು, ಐದು, ಎಂಟು. ಕಲಿತ ಮೇಲೆ ಇಷ್ಟು ಒಳ್ಳೆಯ ಕೈ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ನಿಂತೆ ಎಂದರೆ ಆಯಿತು. ಹಗ್ಗದವನ ಕೈಯಲ್ಲಿ ಏಳಿದ್ದರೆ ಅವನು ಹೋಗುತ್ತಾನೆ, ಸಂಜೆಯೊಳಗೆ ಮಗಳು ಮನೆಯಲ್ಲಿರುತ್ತಾಳೆ, ಅವಳ ತಲೆ ಬಾಚಬಹುದು, ಮಲಗಿದ್ದನ್ನು ನೋಡಬಹುದು. ಅವನ ಕೈಯಲ್ಲಿ ಏಳಿಲ್ಲದಿದ್ದರೆ? ತಾನು ಎಂಟು ಹಿಡಿದು ಹೋಗಿ, ಬಂಡೆಯ ಹತ್ತಿರ ಮುಳುಗಿ, ಒದ್ದೆ ಸೀರೆಯಲ್ಲಿ ದಡಕ್ಕೆ ಎಳೆಸಿಕೊಳ್ಳುತ್ತಾಳೆ. ಮಗಳು ಅಲ್ಲೇ ಇರುತ್ತಾಳೆ, ಮತ್ತೊಂದು ವರ್ಷ, ಯಾರಿಗೆ ಗೊತ್ತು, ಎಷ್ಟೋ ವರ್ಷ.

ಎಂಟನ್ನು ಬಿಟ್ಟರೆ ಆರು ಬಂದೀತು, ಸಾಲಾಗಿ ಮುಳುಗಿಸೀತು. ಜೋಡಿ ಬಂದೀತು. ರಾಜನೇ ಬಂದಾನು. ಒಳ್ಳೆಯದೆಂದು ಬರಬಹುದಾದದ್ದು ಒಂದೇ ಒಂದು. ಅದು ಬಂದರೆ ತಾನೇ ಹೋಗಬೇಕು, ಮಗಳು ಇವನ ಪಾಲಾಗಬೇಕು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಹಗ್ಗದವನ ಮುಖ ನೋಡಿದಳು, ಅಲ್ಲಿ ಏನೂ ಕಾಣಲಿಲ್ಲ. ಕೆರೆ ನೋಡಿದಳು. ಅಷ್ಟು ದೊಡ್ಡ ನೀರು, ಒಂದು ಸುಕ್ಕೂ ಇಲ್ಲದೆ, ತನ್ನ ಬೆರಳುಗಳನ್ನೇ ನೋಡುತ್ತಿದೆ ಎಂದು ಅವಳಿಗೆ ಅನ್ನಿಸಿತು. ಅದರ ಮುಂದೆ ತಾನು ಬೇಕು ಎನ್ನುತ್ತಿದ್ದುದೂ ಬೇಡ ಎನ್ನುತ್ತಿದ್ದುದೂ ಸಣ್ಣದಾಗಿ ಕಂಡಿತು. ಮಗಳು ಬಂಡೆ ಇಳಿಯಬೇಕು, ಅಷ್ಟೇ. ಯಾರ ಮನೆಗೆ ಹೋಗುತ್ತಾಳೆ ಎಂಬುದು ಆಮೇಲಿನ ಮಾತು.

"ಒಂದು" ಎಂದಳು, ಎಂಟನ್ನು ಮಗುಚಿ ಇಟ್ಟಳು.

ಮುದುಕಿ ಕಟ್ಟಿನ ಮೇಲಿನ ಎಲೆ ತೆಗೆದು ಕೊಟ್ಟಳು. ಚಾಪೆಯವಳು ಅದನ್ನು ನೋಡದೆ ಉಳಿದವುಗಳ ಜೊತೆ ಸೇರಿಸಿ, "ಇಳಿದೆ" ಎಂದಳು. ಹಗ್ಗದವನೂ ಇಳಿದ. ಈಗ ಇಬ್ಬರೂ ನೀರಿಗೆ ತಾಗಿದ ಕಟ್ಟಕಡೆಯ ಮೆಟ್ಟಿಲಲ್ಲಿದ್ದರು.

"ತೋರಿಸಿ" ಎಂದಳು ಮುದುಕಿ.

ಹಗ್ಗದವನು ಮೊದಲು ಹರಡಿದ. ಎರಡು, ಮೂರು, ನಾಲ್ಕು, ಆರು, ಏಳು. ದಡ ಹೋ ಎಂದಿತು. ಇಷ್ಟು ವರ್ಷಕ್ಕೆ ಏಳರ ಕೈ! ಚಾಪೆಯವಳ ಎದೆ ಸಂತೋಷದಿಂದ ಒಡೆಯುವಂತಾಯಿತು. ಮಗಳು ಮನೆಗೆ ಬಂದಳು ಎಂದೇ ಅಂದುಕೊಂಡಳು. ಮುದುಕಿ ಮೊಣಕೈಯಿಂದ ತಿವಿದ ಮೇಲೆ ತನ್ನ ಎಲೆಗಳನ್ನು ಒಂದೊಂದಾಗಿ ಇಟ್ಟಳು. ಎರಡು. ಮೂರು. ನಾಲ್ಕು. ಐದು. ಕೊನೆಯದನ್ನು ಅವಳೂ ಆಗಲೇ ನೋಡಿದ್ದು. ಏಳು.

ಇಬ್ಬರದೂ ಏಳು, ಆದ್ದರಿಂದ ಅದರ ಕೆಳಗಿನ ಎಲೆ ನೋಡಬೇಕು. ಅವನದು ಆರು, ಅವಳದು ಐದು. ಮುದುಕಿ ಇಷ್ಟು ಕಾಲ ಹಂಚಿದವಳು, ಆ ಕೈಯನ್ನು ಪಾಠದ ಹೊತ್ತಿನಲ್ಲಿ ತಾನೇ ಜೋಡಿಸಿ ಇಟ್ಟಿದ್ದಳೇ ಹೊರತು ಆಟದಲ್ಲಿ ಬಂದದ್ದನ್ನು ಕಂಡಿರಲಿಲ್ಲ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಚಾಪೆಯವಳ ಕಾಲು ಮುಟ್ಟಿದಳು. ಆಮೇಲೆ ಪದ್ಧತಿಯಂತೆ ಬಿಟ್ಟ ಎಲೆ ತಿರುವಿದಳು. ಎಂಟನ್ನು ಊರೆಲ್ಲ ನೋಡಿತು.

ಹಗ್ಗದವನು ಆ ಎಲೆಯ ಕಡೆ ಬೆರಳು ತೋರಿಸಿದ. "ಅತ್ತೆ, ಇದನ್ನ ಇಟ್ಕೊಂಡಿದ್ರೆ ನಾನು ಹೋಗ್ತಿದ್ದೆ. ಅವಳು ನಿಮ್ಮ ಹತ್ರಾನೇ ಬರ್ತಿದ್ದಳು."

"ನಿನ್ನ ಕೈಯಲ್ಲಿ ಏನಿದೆ ಅಂತ ನನಗೇನು ಗೊತ್ತಪ್ಪಾ?" ಎಂದಳು ಅವಳು. ಆಮೇಲೆ ಸುಳ್ಳು ಹೇಳಲು ಮನಸ್ಸಾಗದೆ, "ಗೊತ್ತಿದ್ದಿದ್ರೆ ಇಟ್ಕೋತಿದ್ದೆ" ಎಂದಳು.

ಅವನು ಅಳುತ್ತಲೇ ಅವಳ ನಡುವಿಗೆ ಹಗ್ಗ ಕಟ್ಟಿದ. ಅವಳು ಐದೂ ಎಲೆಗಳನ್ನು ಕೈಯಲ್ಲಿ ಹಿಡಿದು ನೀರಿನ ಮೇಲೆ ಕಾಲಿಟ್ಟಳು. ನೀರು ಹಸಿ ಚಾಪೆಯಂತೆ ಚೂರು ತಗ್ಗಿ, ಮತ್ತೆ ಬಿಗಿಯಾಯಿತು. ಇನ್ನೊಂದು ಕಾಲಿಟ್ಟಳು. ಹೊತ್ತಿತು.

ಅವಳು ನಡೆದಳು. ಕಾಲಿಟ್ಟಲ್ಲೆಲ್ಲ ಒಂದು ಬಳೆಯಷ್ಟು ಅಲೆ ಎದ್ದು ಅಗಲವಾಗುತ್ತ ಹೋಗುತ್ತಿತ್ತು. ಕೆಳಗೆ ನೋಡಿದಳು. ಮೀನುಗಳು ನಿಂತು ಅವಳ ಅಂಗಾಲು ನೋಡುತ್ತಿದ್ದವು. ಅವುಗಳ ಕೆಳಗೆ ದಡದ ಮೆಟ್ಟಿಲುಗಳು ಮುಗಿಯದೆ ಇನ್ನೂ ಇಳಿಯುತ್ತಲೇ ಇದ್ದವು, ಯಾರು ಕಟ್ಟಿದರೋ, ಯಾರು ಇಳಿಯಲೆಂದೋ. ಅದರ ಕೆಳಗೆ ಯಾವುದೋ ಕಾಲದ ಹರಿಗೋಲುಗಳು ಬೋರಲಾಗಿ ಬಿದ್ದಿದ್ದವು. ಅದರ ಕೆಳಗೆ ಕಣ್ಣು ಹೋಗಲಿಲ್ಲ. ಅವಳಿಗೆ ಹೆದರಿಕೆಯಾಗಲಿಲ್ಲ. ಇಷ್ಟು ಆಳದ್ದು ಇಷ್ಟು ಮೆತ್ತಗೆ ತನ್ನನ್ನು ಎತ್ತಿಕೊಂಡಿದೆಯಲ್ಲ ಎಂದುಕೊಂಡು ಇನ್ನೂ ಮೆಲ್ಲಗೆ ಕಾಲಿಟ್ಟಳು. ಎಂಟರವರು ಮುಳುಗುವ ಜಾಗ ಬಂತು, ಹೋಯಿತು. ಅವಳು ನಡುವಿನ ಹಗ್ಗ ಬಿಚ್ಚಿ ನೀರಿಗೆ ಬಿಟ್ಟಳು, ದಡದವರು ಅದನ್ನು ಹಗುರವಾಗಿ ಎಳೆದುಕೊಂಡರು.

ಬಂಡೆಯ ಅಂಚಿನಲ್ಲಿ ಮಗಳು ದೀಪ ಹಿಡಿದು ನಿಂತಿದ್ದಳು. ಹಿಂದೆ ಒಂದು ಅತ್ತಿಯ ಮರ.

"ಅವ್ವಾ, ಹತ್ತಬೇಡ, ಅಲ್ಲೇ ನಿಲ್ಲು. ಬಂಡೆ ಇಬ್ಬರನ್ನ ತಡೆಯಲ್ಲ" ಎಂದು ಅವಳು ನೀರಿಗೆ ಇಳಿದು ದೀಪವನ್ನು ಮುಂದೆ ಚಾಚಿದಳು. "ನೀನೂ ಹಿಡ್ಕೋ. ಇಬ್ಬರ ಕೈಲೂ ದೀಪ ಇರೋ ತನಕ ನೀರು ಇಬ್ಬರನ್ನೂ ಹೊರುತ್ತೆ. ಗಾಳಿ ಏಳೋದರೊಳಗೆ ನಾನು ಬಿಡಬೇಕು."

ತಾಯಿ ಎಲೆಗಳನ್ನು ಸೊಂಟಕ್ಕೆ ಸಿಕ್ಕಿಸಿ ದೀಪ ಹಿಡಿದಳು.

"ಎತ್ತರ ಆಗಿ ಬಿಟ್ಟಿದೀಯ" ಎಂದಳು.

"ನೀನು ಬಡವಾಗಿದೀಯ."

"ಊಟಕ್ಕೇನು ಮಾಡ್ತಿದ್ದೆ?"

"ಅತ್ತಿ ಹಣ್ಣು. ಬೆಳಗಿನ ಹಣ್ಣು ತಿನ್ನು ಅವ್ವಾ, ಸಂಜೇದು ಒಗರು. ಬತ್ತಿ ಎಡಕ್ಕೆ ವಾಲುತ್ತೆ, ತಿದ್ದೋಕೆ ಹೋಗಬೇಡ."

"ಹುಡುಗ ಕಾಯ್ತಾ ಇದಾನೆ."

"ಗೊತ್ತು. ಈ ಕಡೆ ಮುಖ ಮಾಡಿ ಹಗ್ಗ ಹೊಸೀತಾನೆ."

"ನಿನಗೆ ಹೇಗೆ ಗೊತ್ತು?"

"ಇಲ್ಲಿಂದ ಎಲ್ಲಾ ಕಾಣುತ್ತೆ ಅವ್ವಾ" ಎಂದಳು ಮಗಳು. "ನಮ್ಮ ಮನೆ ಬಾಗಿಲೂ ಕಾಣುತ್ತೆ. ದಿನಾ ಬೆಳಗ್ಗೆ ನೀನು ಹೊಸ್ತಿಲು ತೊಳೆದು ಈ ಕಡೆ ನೋಡ್ತಿದ್ದೆ. ನಾನು ಕೈ ಎತ್ತುತಿದ್ದೆ. ನೀನು ಒಂದು ದಿನವೂ ಎತ್ತಲಿಲ್ಲ. ಮೊದಮೊದಲು ಅಳು ಬರೋದು. ಆಮೇಲೆ ತಿಳೀತು, ನಿನಗೆ ನಾನು ಕಾಣೋದಿಲ್ಲ ಅಂತ."

"ಆಮೇಲೆ ಬಿಟ್ಟುಬಿಟ್ಯಾ?"

"ಇಲ್ಲ. ದಿನಾ ಎತ್ತಿದೆ."

ದೀಪದ ಕುಡಿ ಸ್ವಲ್ಪ ಅಲುಗಿತು. ಮಗಳು ಒಂದು ಕೈಯಿಂದ ತಾಯಿಯ ಕೆನ್ನೆ ಮುಟ್ಟಿ, ಇನ್ನೊಂದು ಕೈಯನ್ನು ದೀಪದಿಂದ ತೆಗೆದಳು. ತಾಯಿ ಬಂಡೆ ಹತ್ತಿದಳು. ಮಗಳು ತಿರುಗಿ ನೀರಿನ ಮೇಲೆ ನಡೆದು ಹೋದಳು. ದಡದಲ್ಲಿ ಹಗ್ಗದವನು ಎದೆಮಟ್ಟದ ನೀರಿಗಿಳಿದು ಕೈ ಚಾಚಿ ನಿಂತಿದ್ದ. ಊರಿನವರು ಅವನ ಅಂಗಿ ಹಿಡಿದು ಎಳೆದುಕೊಂಡಿದ್ದರು. ಬಂಡೆಯ ಮೇಲಿನಿಂದ ತಾಯಿಗೆ ಎಲ್ಲವೂ ಕಾಣುತ್ತಿತ್ತು, ಮಗಳು ದಡ ಮುಟ್ಟಿದ ಕೂಡಲೇ ಮುದುಕಿ ಮೂಗು ಒರೆಸಿಕೊಂಡದ್ದು ಕೂಡ.

ಮರುದಿನ ಬೆಳಗ್ಗೆ ಚಾಪೆಯವಳು ಬತ್ತಿಗೆ ಎಣ್ಣೆ ಎರೆದು ಊರಿನ ಕಡೆ ನೋಡಿದಳು. ಅವಳ ಮನೆಯ ಬಾಗಿಲು ತೆರೆಯಿತು. ಮಗಳು ಬಂದು ಹೊಸ್ತಿಲು ತೊಳೆದಳು, ತಂಬಿಗೆ ಕೆಳಗಿಟ್ಟಳು, ಕೆರೆಯ ಕಡೆಗೆ ತಿರುಗಿದಳು. ಅವಳಿಗೆ ಅಲ್ಲಿಂದ ಏನು ಕಾಣುತ್ತದೆ, ಒಂದು ಕಿಡಿ ಅಷ್ಟೇ. ಆದರೂ ಅವಳು ಕೈಯನ್ನು ತಲೆಗಿಂತ ಮೇಲಕ್ಕೆ, ಎಷ್ಟು ಆಗುತ್ತದೋ ಅಷ್ಟು ಮೇಲಕ್ಕೆ ಎತ್ತಿ ಹಿಡಿದಳು.

ತಾಯಿಯೂ ಬಂಡೆಯ ಮೇಲೆ ಕೈ ಎತ್ತಿದಳು. ಅದು ಮಗಳಿಗೆ ಕಾಣುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಹಳ ಹೊತ್ತು ಕೈ ಇಳಿಸಲಿಲ್ಲ.